ಸಣ್ಣ ನಾಯಿಗೆ ಅರ್ಧ ಡೋಸ್ ಬೇಡ, ಅರ್ಧ ಗಂಟೆ ಬೇಕು

ಪ್ರಶ್ನೆ: ನಮ್ಮ ಮನೆ ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರ. ಹೊಸದಾಗಿ ಪಿಂಕಿ ಅಂತ ಒಂದು ಪೊಮೆರೇನಿಯನ್ ಹೆಣ್ಣುಮರಿ ತಂದಿದ್ದೇವೆ. ಏಪ್ರಿಲ್ ಮೊದಲ ವಾರಕ್ಕೆ ಅದಕ್ಕೆ ಒಂಬತ್ತು ವಾರ, ತೂಕ 1 ಕೆ.ಜಿ. 400 ಗ್ರಾಂ. ಮಾರಿದವರು ‘ಒಂದು ಇಂಜೆಕ್ಷನ್ ಆಗಿದೆ’ ಎಂದು ಕಾರ್ಡಿನಲ್ಲಿ ಪೆನ್ನಿನಲ್ಲಿ ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ಆರು ವರ್ಷದ ಡ್ಯಾಶ್‌ಹಂಡ್ ಬ್ರೂನೋ ಕೂಡ ಇದ್ದಾನೆ, ಐದೂವರೆ ಕೆ.ಜಿ. ಕಳೆದ ಜೂನ್‌ನಲ್ಲಿ ಅವನಿಗೆ ಟೆನ್ ಇನ್ ಒನ್ (ಹಲವು ರೋಗಗಳಿಗೆ ಒಟ್ಟಿಗೆ ಹಾಕುವ ಲಸಿಕೆ) ಮತ್ತು ರೇಬೀಸ್ ಎರಡನ್ನೂ ಒಂದೇ ದಿನ ಹಾಕಿಸಿದೆವು. ಎರಡು ಗಂಟೆಯೊಳಗೆ ಮುಖ ಬಾತುಕೊಂಡು ಮೈಯೆಲ್ಲ ಗಂಧೆ ಎದ್ದಿತ್ತು. ಪಕ್ಕದ ಮನೆಯವರು ‘ಸಣ್ಣ ಜಾತಿಗೆ ಅರ್ಧ ಡೋಸ್ ಸಾಕು’ ಎನ್ನುತ್ತಾರೆ. ನಮ್ಮ ಅತ್ತೆಯವರಿಗೆ ಮನೆಯೊಳಗೇ ಇರುವ ನಾಯಿಗೆ ಇದೆಲ್ಲ ಯಾಕೆ ಎಂಬ ಪ್ರಶ್ನೆ. ಎರಡಕ್ಕೂ ಸುರಕ್ಷಿತವಾಗಿ ಲಸಿಕೆ ಹಾಕಿಸುವುದು ಹೇಗೆ?

ಉತ್ತರ: ಮೊದಲು ಅರ್ಧ ಡೋಸಿನ ಮಾತು ಮುಗಿಸೋಣ, ಏಕೆಂದರೆ ಕರಾವಳಿಯಲ್ಲಿ ಸಣ್ಣ ನಾಯಿ ಸಾಕಿದವರಲ್ಲಿ ಹೆಚ್ಚಿನವರು ಇದನ್ನೇ ಕೇಳುತ್ತಾರೆ. ಜ್ವರದ ಔಷಧಿಯನ್ನು ಕೆ.ಜಿ. ಲೆಕ್ಕದಲ್ಲಿ ಕೊಡುತ್ತೇವೆ, ಲಸಿಕೆಯನ್ನು ಹಾಗೆ ಕೊಡುವುದಿಲ್ಲ. ಪಿಂಕಿಗೂ 1 ಮಿ.ಲೀ., ಐವತ್ತು ಕೆ.ಜಿ.ಯ ಗ್ರೇಟ್ ಡೇನ್‌ಗೂ ಅದೇ 1 ಮಿ.ಲೀ. ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತುಕೊಳ್ಳಲು ಇಷ್ಟಾದರೂ ವೈರಸ್ ಬೇಕು ಎಂಬ ಕನಿಷ್ಠ ಪ್ರಮಾಣ ಒಂದಿದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ: ಹೆಪ್ಪು ತೀರ ಕಡಿಮೆಯಾದರೆ ಹಾಲು ಹಾಲಾಗಿಯೇ ಉಳಿಯುತ್ತದೆ. ಕಂಪನಿ ಪರೀಕ್ಷೆ ಮಾಡಿ ಪರವಾನಗಿ ಪಡೆದದ್ದು ಪೂರ್ತಿ ಡೋಸಿಗೆ. ಅರ್ಧ ಹಾಕಿಸಿದ ಮರಿಗೆ ರಕ್ಷಣೆ ಬಂದಿದೆಯೋ ಇಲ್ಲವೋ ಹೇಳುವವರು ಯಾರೂ ಇಲ್ಲ. ರೇಬೀಸ್ ವಿಷಯದಲ್ಲಂತೂ ಅರ್ಧ ಡೋಸ್ ಹಾಕಿಸಿದ ನಾಯಿಯನ್ನು ಲಸಿಕೆಯಾದ ನಾಯಿ ಎಂದು ಲೆಕ್ಕಕ್ಕೇ ಹಿಡಿಯುವಂತಿಲ್ಲ.

ಇನ್ನೊಂದು ಕಾರಣವೂ ಇದೆ. ಅಲರ್ಜಿ ಆಗುವ ನಾಯಿಗೆ ಅರ್ಧ ಮಿ.ಲೀ.ಯಲ್ಲೂ ಆಗುತ್ತದೆ. ಅಲರ್ಜಿಗೆ ಬಹಳ ಸಲ ವೈರಸ್ ಕಾರಣವೇ ಅಲ್ಲ. ವೈರಸ್ ಬೆಳೆಸುವಾಗ ಬಳಸಿದ ದನದ ಸೀರಮ್ಮಿನ ಪ್ರೊಟೀನ್, ಲಸಿಕೆ ಕೆಡದಿರಲು ಸೇರಿಸಿದ ಜೆಲಟಿನ್ ಇಂಥವುಗಳ ಅಳಿದುಳಿದ ಅಂಶ ಸಾಕು. ಜಪಾನಿನಲ್ಲಿ ಲಸಿಕೆಯ ಅಲರ್ಜಿಯಾದ ನಾಯಿಗಳ ರಕ್ತ ಪರೀಕ್ಷಿಸಿದಾಗ ಈ ಸೀರಮ್ ಪ್ರೊಟೀನ್ ವಿರುದ್ಧದ ಪ್ರತಿಕಾಯಗಳು ಸಿಕ್ಕಿವೆ, ಮತ್ತು ಅಲ್ಲಿ ಹೀಗೆ ತೊಂದರೆಗೊಳಗಾದ ತಳಿಗಳಲ್ಲಿ ಮಿನಿಯೇಚರ್ ಡ್ಯಾಶ್‌ಹಂಡ್ ಎದ್ದು ಕಾಣುತ್ತದೆ. ನಿಮ್ಮ ಬ್ರೂನೋ ಅದೇ ಕುಲದವನು. ಪ್ರಮಾಣ ಅರ್ಧ ಮಾಡಿದರೆ ರಕ್ಷಣೆ ಕಡಿಮೆಯಾದೀತು, ಅಪಾಯ ಕಡಿಮೆಯಾಗದು.

ಹಾಗಾದರೆ ಸಣ್ಣ ನಾಯಿಗೆ ಅಪಾಯ ಹೆಚ್ಚು ಎನ್ನುವುದು ಸುಳ್ಳೇ? ಸುಳ್ಳಲ್ಲ. ಅಮೆರಿಕದಲ್ಲಿ 12 ಲಕ್ಷಕ್ಕೂ ಹೆಚ್ಚು ನಾಯಿಗಳ ಆಸ್ಪತ್ರೆ ದಾಖಲೆ ನೋಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಲಸಿಕೆಯಾದ ಮೂರು ದಿನಗಳೊಳಗೆ ಏನಾದರೊಂದು ತೊಂದರೆ ದಾಖಲಾದದ್ದು 10,000ಕ್ಕೆ ಸುಮಾರು 38 ನಾಯಿಗಳಲ್ಲಿ. ತೂಕ ಕಡಿಮೆಯಾದಷ್ಟೂ ಆ ಸಂಖ್ಯೆ ಏರುತ್ತಿತ್ತು. ನಮಗೆ ಮುಖ್ಯವಾದದ್ದು ಮುಂದಿನ ಅಂಕಿ: ಒಂದೇ ಭೇಟಿಯಲ್ಲಿ ಹೆಚ್ಚುವರಿಯಾಗಿ ಹಾಕಿದ ಪ್ರತಿಯೊಂದು ಲಸಿಕೆಗೂ 10 ಕೆ.ಜಿ.ಯೊಳಗಿನ ನಾಯಿಗಳಲ್ಲಿ ಅಪಾಯ ಶೇ 27ರಷ್ಟು ಹೆಚ್ಚಿತು, ಅದಕ್ಕಿಂತ ದೊಡ್ಡ ನಾಯಿಗಳಲ್ಲಿ ಶೇ 12ರಷ್ಟು. ಮೂಲ ಅಪಾಯವೇ ಸಣ್ಣದು, ಅದರ ಮೇಲಿನ ಶೇ 27 ಇದು, ಗಾಬರಿ ಬೇಡ. ಆದರೆ ದಾರಿ ಅದರಲ್ಲೇ ಇದೆ. ಸಣ್ಣ ನಾಯಿಗೆ ಡೋಸ್ ಕಡಿತ ಮಾಡುವುದಲ್ಲ, ಒಂದು ದಿನಕ್ಕೆ ಹಾಕಿಸುವ ಲಸಿಕೆಗಳ ಸಂಖ್ಯೆ ಕಡಿತ ಮಾಡಬೇಕು. ಹಾಕಿಸಿದ ಮೇಲೆ ಅರ್ಧ ಗಂಟೆ, ತೀವ್ರ ಅಲರ್ಜಿಗೆ ಕೊಡುವ ಅಡ್ರಿನಾಲಿನ್ ಕೈಗೆ ಸಿಗುವಲ್ಲಿ ಕೂತಿರಬೇಕು.

ಅತ್ತೆಯವರ ಪ್ರಶ್ನೆಗೆ ಬರುತ್ತೇನೆ. ಮರಿಗಳಿಗೆ ಮಾರಕ ವಾಂತಿ-ಭೇದಿ ತರುವ ಪಾರ್ವೊ ವೈರಸ್ ಮನೆಯೊಳಗೆ ಬರುವುದು ನಿಮ್ಮ ಚಪ್ಪಲಿಯಲ್ಲಿ. ಬೀದಿನಾಯಿಯ ಮಲ ಒಣಗಿ ಕಾಣದಾದ ಮೇಲೂ ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಇಲಿಜ್ವರ ಬರುವುದು ಇಲಿ, ಹೆಗ್ಗಣದ ಮೂತ್ರ ಸೇರಿದ ನೀರಿನಿಂದ. ಮಳೆಗಾಲದಲ್ಲಿ ಅಂಗಳದಲ್ಲಿ ನಿಂತ ನೀರು, ತೋಟದ ಕಣಿ, ಬಚ್ಚಲ ಹಿಂದಿನ ಚರಂಡಿ ಎಲ್ಲವೂ ಅದಕ್ಕೆ ಸಾಕು. ಉಡುಪಿ, ದಕ್ಷಿಣ ಕನ್ನಡದಲ್ಲಿ ಮನುಷ್ಯರಿಗೇ ಪ್ರತಿ ಮಳೆಗಾಲ ಇಲಿಜ್ವರ ಬರುತ್ತದೆ ಎಂದು ಅವರಿಗೆ ಹೇಳಿ ಕೊಡಬೇಕಾಗಿಲ್ಲ. ಸೋಂಕಾದ ನಾಯಿಯ ಮೂತ್ರದಿಂದ ಮನೆಯವರಿಗೂ ಅಂಟಬಹುದು. ರೇಬೀಸ್ ಬಗ್ಗೆ ಚರ್ಚೆಯೇ ಇಲ್ಲ. ಅಂಗಳಕ್ಕೆ ಬರುವ ಬೀದಿನಾಯಿ, ಬೆಕ್ಕು, ಮುಂಗುಸಿ ಯಾವುದು ಕಚ್ಚಿದರೂ ಬರಬಹುದು, ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ.

ಯಾವ ಲಸಿಕೆ ಬೇಕು ಎನ್ನುವಾಗ ‘ಸೆವೆನ್ ಇನ್ ಒನ್, ನೈನ್ ಇನ್ ಒನ್, ಟೆನ್ ಇನ್ ಒನ್’ ಎಂಬ ಲೆಕ್ಕ ಬಿಟ್ಟುಬಿಡಿ. ಸಂಖ್ಯೆ ದೊಡ್ಡದಾದರೆ ಲಸಿಕೆ ಒಳ್ಳೆಯದು ಎಂದಲ್ಲ. ಇಲಿಜ್ವರದ ಬ್ಯಾಕ್ಟೀರಿಯಾದ ನಾಲ್ಕು ತಳಿಗಳನ್ನು ನಾಲ್ಕೆಂದು ಎಣಿಸಿ, ಮೇಲೆ ಕೊರೊನಾ ಸೇರಿಸಿ ಹತ್ತು ಮಾಡುತ್ತಾರೆ. ನಾಯಿಯ ಕರುಳಿನ ಈ ಕೊರೊನಾ ಹೆಚ್ಚಾಗಿ ಸೌಮ್ಯ ಭೇದಿಯಷ್ಟೇ ಕೊಡುವಂಥದ್ದು. ಸಣ್ಣ ಪ್ರಾಣಿಗಳ ವೈದ್ಯರ ವಿಶ್ವ ಸಂಘಟನೆಯಾದ ವಾಸಾವಾ ತನ್ನ ಮಾರ್ಗಸೂಚಿಯಲ್ಲಿ ಈ ಲಸಿಕೆಯನ್ನು ಶಿಫಾರಸು ಮಾಡುವುದಿಲ್ಲ. ಒಂದೂವರೆ ಕೆ.ಜಿ. ಮರಿಗೆ ಬೇಡದ ಪ್ರೊಟೀನ್ ಯಾಕೆ? ನಿಮಗೆ ಬೇಕಾದವು ಮೂರು ಗುಂಪು. ಮೊದಲನೆಯದು ಡಿಸ್ಟೆಂಪರ್ (ಉಸಿರಾಟಕ್ಕೂ ನರಗಳಿಗೂ ತಗಲುವ ವೈರಸ್ ರೋಗ), ಹೆಪಟೈಟಿಸ್ ಮತ್ತು ಪಾರ್ವೊ ಸೇರಿದ ಜೀವಂತ ಲಸಿಕೆ, ಅಂದರೆ ದುರ್ಬಲಗೊಳಿಸಿದ ವೈರಸ್ಸಿನದ್ದು. ಸಾಮಾನ್ಯವಾಗಿ ಪ್ಯಾರಾ ಇನ್‌ಫ್ಲುಯೆಂಜಾ ಕೂಡ ಇದರಲ್ಲೇ ಇರುತ್ತದೆ, ಲೇಬಲ್ಲಿನಲ್ಲಿ ಡಿಎಚ್‌ಪಿಪಿಐ ಎಂದಿರುತ್ತದೆ. ಎರಡನೆಯದು ಇಲಿಜ್ವರದ್ದು, ಮೂರನೆಯದು ರೇಬೀಸ್. ಇವೆರಡೂ ಸತ್ತ ರೋಗಾಣುವಿನ ನಿರ್ಜೀವ ಲಸಿಕೆಗಳು. ವಾಸಾವಾದ 2024ರ ಮಾರ್ಗಸೂಚಿ ಇಲಿಜ್ವರ ನೆಲೆಯೂರಿದ ಪ್ರದೇಶಗಳಲ್ಲಿ ಅದರ ಲಸಿಕೆಯನ್ನೂ ಕಡ್ಡಾಯದ ಸಾಲಿಗೆ ಸೇರಿಸಿದೆ. ನಮ್ಮ ಕರಾವಳಿ ಅಂಥ ಪ್ರದೇಶ.

ಇಲಿಜ್ವರದ ಲಸಿಕೆಯನ್ನು ಬೇರೆಯಾಗಿ ಎಲ್ಲ ಕ್ಲಿನಿಕ್‌ಗಳೂ ಇಟ್ಟುಕೊಂಡಿರುವುದಿಲ್ಲ. ಬಹಳಷ್ಟು ಕಡೆ ಇರುವುದು ಜೋಡಿ ಸೀಸೆ: ಒಂದರಲ್ಲಿ ಡಿಎಚ್‌ಪಿಪಿಐ ಪುಡಿ, ಇನ್ನೊಂದರಲ್ಲಿ ಅದನ್ನು ಕರಗಿಸುವ ದ್ರವ, ಆ ದ್ರವದಲ್ಲೇ ಇಲಿಜ್ವರದ ಅಂಶ. ವಾರ ಮೊದಲೇ ಡಾಕ್ಟರಿಗೆ ಫೋನ್ ಮಾಡಿ ‘ಬೇರೆ ಬೇರೆ ಬೇಕು’ ಎಂದು ಹೇಳಿದರೆ ತರಿಸಿಕೊಡುತ್ತಾರೆ. ಕೊನೆಗಳಿಗೆಯಲ್ಲಿ ಟೇಬಲ್ಲಿನ ಮೇಲೆ ಮರಿಯನ್ನಿಟ್ಟು ಕೇಳಿದರೆ ಇದ್ದದ್ದನ್ನೇ ಹಾಕಿಸಿಕೊಂಡು ಬರಬೇಕಾಗುತ್ತದೆ.

ಈಗ ಪಿಂಕಿಯ ಲೆಕ್ಕ. ಕಾರ್ಡಿನಲ್ಲಿ ಪೆನ್ನಿನಿಂದ ಬರೆದ ‘ಒಂದು ಇಂಜೆಕ್ಷನ್’ ಲೆಕ್ಕಕ್ಕಿಲ್ಲ. ಲಸಿಕೆಯ ಸೀಸೆಯಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್, ಅದರಲ್ಲಿ ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು, ಪಕ್ಕದಲ್ಲಿ ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇದ್ದರೆ ಮಾತ್ರ ದಾಖಲೆ. ಹಿಂದೆ ನಿಜವಾಗಿ ಒಂದು ಡೋಸ್ ಆಗಿದ್ದರೂ ಮತ್ತೆ ಮೊದಲಿನಿಂದ ಶುರು ಮಾಡಿದರೆ ನಷ್ಟವಿಲ್ಲ. ಮರಿಗೆ ಪದೇ ಪದೇ ಹಾಕುವುದೇ ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳ ಕಾರಣಕ್ಕೆ. ಅವು ರಕ್ತದಲ್ಲಿರುವಷ್ಟು ದಿನ ಲಸಿಕೆಯ ವೈರಸ್ಸನ್ನೂ ಕೊಂದು ಹಾಕುತ್ತವೆ. ಯಾವ ಮರಿಯಲ್ಲಿ ಅವು ಎಂಟನೇ ವಾರಕ್ಕೆ ಇಳಿಯುತ್ತವೆ, ಯಾವುದರಲ್ಲಿ ಹದಿನಾಲ್ಕಕ್ಕೆ ಎಂಬುದು ಹೊರಗಿನಿಂದ ಗೊತ್ತಾಗದು. ಹಾಗಾಗಿ ಕೊನೆಯ ಡೋಸ್ ಹದಿನಾರು ವಾರ ತುಂಬಿದ ಮೇಲೆ ಬೀಳಲೇಬೇಕು. ‘ಮೂರು ಸೂಜಿ ಆಯ್ತು, ಕೋರ್ಸ್ ಮುಗೀತು’ ಎಂದು ಹನ್ನೆರಡನೇ ವಾರಕ್ಕೇ ನಿಲ್ಲಿಸಿದ ಮರಿಗಳು ಕಾರ್ಡ್ ಭರ್ತಿಯಿದ್ದೂ ಪಾರ್ವೊಗೆ ಬೀಳುವುದು ಇದರಿಂದಲೇ.

ಒಂದು ದಿನಕ್ಕೆ ಒಂದೇ ಲಸಿಕೆ, ಎರಡು ಲಸಿಕೆಗಳ ನಡುವೆ ಕನಿಷ್ಠ ಎರಡು ವಾರ ಎಂದು ಇಟ್ಟುಕೊಂಡರೆ ಹೀಗಾಗುತ್ತದೆ. ಏಪ್ರಿಲ್ ಮೊದಲ ವಾರ, ಒಂಬತ್ತನೇ ವಾರಕ್ಕೆ, ಡಿಎಚ್‌ಪಿಪಿಐ ಒಂದೇ. ಏಪ್ರಿಲ್ ಮೂರನೇ ವಾರ, ಹನ್ನೊಂದಕ್ಕೆ, ಇಲಿಜ್ವರದ ಮೊದಲ ಡೋಸ್. ಮೇ ಆರಂಭ, ಹದಿಮೂರಕ್ಕೆ, ಡಿಎಚ್‌ಪಿಪಿಐ ಎರಡನೆಯದು. ಮೇ ಮಧ್ಯಭಾಗ, ಹದಿನೈದಕ್ಕೆ, ಇಲಿಜ್ವರದ ಎರಡನೆಯದು. ಮೇ ಕೊನೆಗೆ, ಹದಿನೇಳಕ್ಕೆ, ಡಿಎಚ್‌ಪಿಪಿಐ ಮೂರನೆಯದು. ಇಲಿಜ್ವರಕ್ಕೆ ಎರಡನೇ ಡೋಸ್ ಆದ ಎರಡು-ಮೂರು ವಾರದ ಮೇಲೆಯೇ ಪೂರ್ತಿ ರಕ್ಷಣೆ ಬರುವುದರಿಂದ ಜೂನ್ ಮಳೆ ಹಿಡಿಯುವ ಹೊತ್ತಿಗೆ ಈ ಲೆಕ್ಕ ಸರಿಹೋಗುತ್ತದೆ. ಮಳೆ ಶುರುವಾದ ಮೇಲೆ ಮೊದಲ ಡೋಸ್‌ಗೆ ಓಡುವವರೇ ನಮ್ಮಲ್ಲಿ ಹೆಚ್ಚು. ಅವರ ನಾಯಿಗೆ ಜೂನ್, ಜುಲೈ ಎರಡೂ ರಕ್ಷಣೆಯಿಲ್ಲದೆ ಕಳೆಯುತ್ತವೆ.

ರೇಬೀಸ್ ಎಲ್ಲಿ ಹೋಯಿತು ಎಂದು ಕೇಳುತ್ತೀರಿ. ಹನ್ನೆರಡು ವಾರ ತುಂಬಿದ ಮೇಲೆ ಯಾವಾಗಲೂ ಹಾಕಬಹುದು. ಕಟ್ಟುನಿಟ್ಟಾಗಿ ಒಂದೊಂದೇ ಎಂದರೆ ಅದು ಹತ್ತೊಂಬತ್ತನೇ ವಾರಕ್ಕೆ ಹೋಗುತ್ತದೆ. ನಮ್ಮೂರಿನ ಬೀದಿನಾಯಿಗಳ ಸ್ಥಿತಿಯಲ್ಲಿ ಅಷ್ಟು ತಡ ಮಾಡಲು ನನಗೆ ಮನಸ್ಸಿಲ್ಲ. ಮೊದಲ ಮೂರು ಭೇಟಿಗಳಲ್ಲಿ ಪಿಂಕಿಗೆ ಏನೂ ಆಗದಿದ್ದರೆ ಹದಿನೈದನೇ ವಾರ ಇಲಿಜ್ವರದ ಎರಡನೇ ಡೋಸಿನ ದಿನವೇ ರೇಬೀಸ್ ಕೂಡ ಹಾಕಿಸಿ, ಎರಡನ್ನೂ ಮೈಯ ಬೇರೆ ಬೇರೆ ಬದಿಗೆ. ಮುಖ ಬಾತದ್ದು, ವಾಂತಿ ಏನಾದರೂ ಆಗಿದ್ದರೆ ಮಾತ್ರ ಹತ್ತೊಂಬತ್ತಕ್ಕೆ ಮುಂದೂಡಿ, ಅಲ್ಲಿಯವರೆಗೆ ಮರಿಯನ್ನು ಅಂಗಳಕ್ಕೆ ಒಂಟಿಯಾಗಿ ಬಿಡಬೇಡಿ. ಲಸಿಕೆ ಬಿಡಿಸಿ ಬಿಡಿಸಿ ಹಾಕಿಸುವುದಕ್ಕೂ ಬೆಲೆಯಿದೆ: ಭೇಟಿ ಹೆಚ್ಚು, ಖರ್ಚು ಹೆಚ್ಚು, ರಕ್ಷಣೆ ಪೂರ್ತಿಯಾಗಲು ದಿನ ಹೆಚ್ಚು. ಹನ್ನೆರಡು ಕೆ.ಜಿ. ಬೀಗಲ್ ಆಗಿದ್ದರೆ ಇಷ್ಟೆಲ್ಲ ಬಿಡಿಸಿ ಎಂದು ಹೇಳುತ್ತಿರಲಿಲ್ಲ.

ಆರು ತಿಂಗಳಿಗೆ, ಅಂದರೆ ಇಪ್ಪತ್ತಾರನೇ ವಾರದ ಹೊತ್ತಿಗೆ, ಡಿಎಚ್‌ಪಿಪಿಐ ಇನ್ನೊಂದು. ಹದಿನಾರು ವಾರದಲ್ಲೂ ತಾಯಿಯ ಪ್ರತಿಕಾಯ ಉಳಿದಿದ್ದ ಅಪರೂಪದ ಮರಿಯೂ ಇದರಲ್ಲಿ ರಕ್ಷಣೆ ಪಡೆಯುತ್ತದೆ. ಆಮೇಲೆ ಡಿಸ್ಟೆಂಪರ್, ಹೆಪಟೈಟಿಸ್, ಪಾರ್ವೊಗೆ ಮೂರು ವರ್ಷಕ್ಕೊಮ್ಮೆ ಸಾಕು. ವರ್ಷವರ್ಷ ಬೇಕಾದದ್ದು ಇಲಿಜ್ವರ ಮತ್ತು ರೇಬೀಸ್.

ಲಸಿಕೆಯ ದಿನದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಣ್ಣ ಮರಿಗಳಲ್ಲಿ ‘ಲಸಿಕೆ ಆಗಿಬರಲಿಲ್ಲ’ ಎಂದು ಹೇಳುವ ಎಷ್ಟೋ ಸಂದರ್ಭಗಳಲ್ಲಿ ಲಸಿಕೆಯದ್ದು ತಪ್ಪಿರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿರುತ್ತಾರೆ. ಎರಡು ಕೆ.ಜಿ.ಯೊಳಗಿನ ಮರಿಯ ಯಕೃತ್ತಿನಲ್ಲಿ ಸಕ್ಕರೆಯ ಸಂಗ್ರಹ ತೀರ ಕಡಿಮೆ. ಬೆಳಿಗ್ಗೆ ಊಟವಿಲ್ಲ, ರಿಕ್ಷಾದ ಕುಲುಕಾಟ, ಕ್ಲಿನಿಕ್‌ನಲ್ಲಿ ದೊಡ್ಡ ನಾಯಿಗಳ ಬೊಗಳು, ಒಂದು ಗಂಟೆ ಕಾಯುವುದು; ಇಷ್ಟಾದರೆ ರಕ್ತದ ಸಕ್ಕರೆ ಇಳಿದು ಮರಿ ತೂರಾಡುತ್ತದೆ, ನಡುಗುತ್ತದೆ, ಕತ್ತು ವಾಲಿಸುತ್ತದೆ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಹೊರಡುವ ಒಂದು ಗಂಟೆ ಮೊದಲು ದಿನದ ಮಾಮೂಲಿ ಆಹಾರವನ್ನೇ ಅರ್ಧ ಹೊಟ್ಟೆ ಕೊಡಿ. ಜೊತೆಗೆ ಸ್ವಲ್ಪ ಊಟ ಮತ್ತು ಒಂದು ಸಣ್ಣ ಡಬ್ಬಿಯಲ್ಲಿ ಜೇನು ಅಥವಾ ಗ್ಲೂಕೋಸ್ ಪುಡಿ ಕಲಸಿದ ಗಟ್ಟಿ ನೀರು ಇರಲಿ. ಮರಿ ಸೊರಗಿದಂತೆ ಕಂಡರೆ ಬೆರಳಲ್ಲಿ ತೆಗೆದು ಒಸಡಿಗೆ ಸವರಿ. ಎಚ್ಚರ ತಪ್ಪಿದ ಮರಿಯ ಬಾಯಿಗೆ ದ್ರವ ಹೊಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಕ್ಲಿನಿಕ್‌ನ ನೆಲಕ್ಕೆ ಮರಿಯನ್ನು ಇಳಿಸಬೇಡಿ, ಬುಟ್ಟಿಯಲ್ಲೋ ಮಡಿಲಲ್ಲೋ ಇರಲಿ. ಪಾರ್ವೊ ಬಂದ ನಾಯಿಗಳು ಬರುವುದೂ ಅಲ್ಲಿಗೇ.

ಆ ದಿನ ಹೊಸ ತಿನಿಸು ಕೊಡಬೇಡಿ. ಮನೆಗೆ ಸಿಗಡಿ ಬಂದಿದೆ ಎಂದು ಅದರ ಸಿಪ್ಪೆ ಹಾಕಿ, ಸಂಜೆ ಗಂಧೆ ಎದ್ದರೆ ಲಸಿಕೆಯದ್ದೋ ಸಿಗಡಿಯದ್ದೋ ಯಾರಿಗೂ ಹೇಳಲಾಗದು. ಉಣ್ಣೆಗೆ ಬೆನ್ನ ಮೇಲೆ ಬಿಡುವ ಔಷಧಿ, ಜಂತುಹುಳದ ಮದ್ದು ಇವನ್ನೂ ಇದೇ ಕಾರಣಕ್ಕೆ ನಾಲ್ಕೈದು ದಿನ ದೂರವಿಡಿ. ಸ್ನಾನ ಮಾಡಿಸಿದರೆ ಲಸಿಕೆ ತೊಳೆದುಹೋಗುತ್ತದೆ ಎನ್ನುವುದು ಮೂಢನಂಬಿಕೆ, ಆದರೆ ಎರಡು ದಿನ ಮರಿಯನ್ನು ಅದರ ಪಾಡಿಗೆ ಬಿಟ್ಟರೆ ಒಳ್ಳೆಯದೇ.

ಹಾಕಿಸುವ ಮೊದಲು ತೂಕ ಮತ್ತು ಜ್ವರ ನೋಡಿಸಲೇಬೇಕು. ನಾಯಿಯ ಮಾಮೂಲಿ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದ್ದರೆ, ಭೇದಿ ಇದ್ದರೆ, ಊಟ ಬಿಟ್ಟಿದ್ದರೆ ಅಂದು ಲಸಿಕೆ ಬೇಡ. ಕರಾವಳಿಯಲ್ಲಿ ಉಣ್ಣೆಜ್ವರ ಒಳಗೊಳಗೇ ಇರುವ ನಾಯಿಗಳು ಬಹಳ. ಬ್ರೂನೋನಂಥ ದೊಡ್ಡವರಿಗೆ ಒಸಡು ಬಿಳುಚಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಚರ್ಮದ ತುರಿಕೆಗೆಂದು ಹೆಚ್ಚಿನ ಪ್ರಮಾಣದಲ್ಲಿ ಸ್ಟೆರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳದೆ ಬಿಡಬೇಡಿ.

ಸೀಸೆ ಎಲ್ಲಿಂದ ಬರುತ್ತದೆ ನೋಡಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬಿಸಿಯಾದರೆ ಜೀವಂತ ಲಸಿಕೆ ಸಾಯುತ್ತದೆ. ಹೆಪ್ಪುಗಟ್ಟಿದರೆ ನಿರ್ಜೀವ ಲಸಿಕೆ ಕೆಡುತ್ತದೆ, ಅದರಲ್ಲಿರುವ ಅಲ್ಯೂಮಿನಿಯಂ ಲವಣ ಗಂಟುಕಟ್ಟಿ ನೋವು, ಗಡ್ಡೆ ಹೆಚ್ಚಾಗುತ್ತದೆ. ಮೆಡಿಕಲ್ ಅಂಗಡಿಯಿಂದ ಕೊಂಡು ಸ್ಕೂಟರ್ ಡಿಕ್ಕಿಯಲ್ಲಿ ಏಪ್ರಿಲ್ ಬಿಸಿಲಲ್ಲಿ ಸಾಗಿಸುವುದು ಬೇಡ, ಐಸ್ ತುಂಡಿನ ಮೇಲೆ ನೇರವಾಗಿ ಇಟ್ಟು ತರುವುದೂ ಬೇಡ. ವೈದ್ಯರ ಫ್ರಿಜ್ಜಿನಿಂದ ಎದುರಿಗೇ ತೆಗೆದದ್ದು ಒಳ್ಳೆಯದು, ಮತ್ತು ಕರೆಂಟು ಹೋದಾಗ ಏನು ವ್ಯವಸ್ಥೆ ಎಂದು ಕೇಳಲು ಸಂಕೋಚ ಬೇಡ. ಜೂನ್-ಜುಲೈಯಲ್ಲಿ ಇದು ಬಹಳ ಮುಖ್ಯವಾದ ಪ್ರಶ್ನೆ.

ಟೇಬಲ್ಲಿನ ಮೇಲೆ ನಡೆಯುವುದನ್ನು ಹತ್ತಿರದಿಂದ ನೋಡಿ. ಪುಡಿಯ ಸೀಸೆಯ ತಳದಲ್ಲಿ ಬಿಳಿ ಬಿಲ್ಲೆ ಗಟ್ಟಿಯಾಗಿ ಕೂತಿರಬೇಕು, ಕರಗಿ ಅಂಟಂಟಾಗಿದ್ದರೆ ಒಳಗೆ ತೇವ ಹೋಗಿದೆ. ದ್ರವ ತುಂಬಿದ ಸೂಜಿ ರಬ್ಬರ್ ಮುಚ್ಚಳ ದಾಟಿದ ಕೂಡಲೇ ಸೀಸೆ ತಾನಾಗಿ ದ್ರವವನ್ನು ಒಳಗೆಳೆದುಕೊಳ್ಳುತ್ತದೆ. ಎಳೆಯದಿದ್ದರೆ ಒಳಗಿನ ನಿರ್ವಾತ ಹೋಗಿದೆ, ಇನ್ನೊಂದು ಸೀಸೆ ಕೇಳಿ. ಕಲಸಿದ ಮೇಲೆ ಅರ್ಧ ಗಂಟೆಯೊಳಗೆ ಹಾಕಿಬಿಡಬೇಕು. ಬೆಳಿಗ್ಗೆ ಕಲಸಿಟ್ಟದ್ದು ಮಧ್ಯಾಹ್ನಕ್ಕೆ ಆಗದು. ರಬ್ಬರ್ ಚುಚ್ಚಿದ ಸೂಜಿಯ ಮೊನೆ ಮೊಂಡಾಗಿರುತ್ತದೆ, ಅದನ್ನು ತೆಗೆದು ಹೊಸ 24 ಅಥವಾ 25 ಗೇಜ್ ಸೂಜಿ ಸಿಕ್ಕಿಸಿದರೆ ಸಣ್ಣ ಮರಿಗೆ ನೋವು ಎಷ್ಟೋ ಕಡಿಮೆ. ಫ್ರಿಜ್ಜಿನ ತಣ್ಣನೆಯ ದ್ರವವೂ ಉರಿಯುತ್ತದೆ, ಅಂಗೈಯಲ್ಲಿ ಒಂದೆರಡು ನಿಮಿಷ ಹಿಡಿದರೆ ಸಾಕು. ಚರ್ಮಕ್ಕೆ ಸ್ಪಿರಿಟ್ ಹಚ್ಚುವ ಅಗತ್ಯವಿಲ್ಲ; ಹಚ್ಚಿದರೆ ಪೂರ್ತಿ ಆರಬೇಕು, ಇಲ್ಲವಾದರೆ ಜೀವಂತ ವೈರಸ್ ಅದರಿಂದಲೇ ಸಾಯಬಹುದು. ಚರ್ಮದಡಿಗೆ ನಿಧಾನವಾಗಿ ಪೂರ್ತಿ 1 ಮಿ.ಲೀ. ಹೋಗಬೇಕು, ಆ ಕಡೆಯಿಂದ ದ್ರವ ಹೊರಬಂದು ಕೂದಲು ಒದ್ದೆಯಾಗಿಲ್ಲ ಎಂದು ಮುಟ್ಟಿ ನೋಡಬೇಕು. ಉದ್ದ ಕೂದಲಿನ ಪೊಮೆರೇನಿಯನ್‌ನಲ್ಲಿ ಸೂಜಿ ಚರ್ಮದ ಮಡಿಕೆಯನ್ನು ದಾಟಿ ಆಚೆ ಬರುವುದು ಅಪರೂಪವೇನಲ್ಲ. ರೇಬೀಸ್ ಬಲಬದಿಗೆ, ಉಳಿದದ್ದು ಎಡಬದಿಗೆ ಎಂದು ಗೊತ್ತುಮಾಡಿಕೊಂಡು ಕಾರ್ಡಿನಲ್ಲಿ ಬರೆಸಿ. ಮುಂದೆ ಗಡ್ಡೆಯೋ ಬೋಳೋ ಕಂಡರೆ ಯಾವುದರದ್ದು ಎಂದು ಗೊತ್ತಾಗುತ್ತದೆ.

ಸಮಯ ಬೆಳಿಗ್ಗೆ ಇರಲಿ, ವಾರದ ನಡುವಿನ ದಿನವಾಗಿರಲಿ. ಶನಿವಾರ ಸಂಜೆ ಕ್ಲಿನಿಕ್ ಮುಚ್ಚುವ ಹೊತ್ತಿಗೆ ಹಾಕಿಸಿ ರಾತ್ರಿ ಮುಖ ಬಾತರೆ ಕಟಪಾಡಿಯಿಂದ ಬಾಗಿಲು ತೆರೆದಿರುವ ವೈದ್ಯರನ್ನು ಹುಡುಕುತ್ತ ಉಡುಪಿಗೋ ಮಂಗಳೂರಿಗೋ ಓಡಬೇಕು. ಸೂಜಿಯಾದ ಮೇಲೆ ಅರ್ಧ ಗಂಟೆ ಕ್ಲಿನಿಕ್‌ನಲ್ಲೇ, ಇಲ್ಲವೇ ಹೊರಗೆ ನೆರಳಲ್ಲಿ ನಿಂತ ಕಾರಿನಲ್ಲಿ ಕೂತಿರಿ. ಜೀವಕ್ಕೆ ಎರವಾಗುವ ಅಲರ್ಜಿ ಹೆಚ್ಚಾಗಿ ಈ ಅವಧಿಯಲ್ಲೇ ಬರುತ್ತದೆ. ನಾಯಿಯಲ್ಲಿ ಅದು ಮನುಷ್ಯರ ಹಾಗೆ ಉಸಿರುಗಟ್ಟುವುದರಿಂದ ಶುರುವಾಗಬೇಕೆಂದಿಲ್ಲ. ಪೆಟ್ಟು ಬೀಳುವುದು ಯಕೃತ್ತು ಮತ್ತು ಕರುಳಿಗೆ: ಹಠಾತ್ ವಾಂತಿ, ಭೇದಿ, ಕೆಲವೊಮ್ಮೆ ರಕ್ತ ಮಿಶ್ರಿತ, ಕಾಲು ಕುಸಿಯುವುದು, ಒಸಡು ಬೆಳ್ಳಗಾಗುವುದು, ಪಾದ ತಣ್ಣಗಾಗುವುದು. ಬೇಸಿಗೆಯಲ್ಲಿ ಪಗ್, ಶಿಟ್ಜುಗಳು ಸೆಕೆಗೆ ಏದುಸಿರು ಬಿಡುವುದನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳುತ್ತಾರೆ. ಸೆಕೆಯದ್ದಾದರೆ ಮೈ ಕಾದಿರುತ್ತದೆ, ಒಸಡು ಕೆಂಪಾಗಿರುತ್ತದೆ. ಹಾಗೆಂದು ಅದು ನಿರ್ಲಕ್ಷಿಸುವ ವಿಷಯವಲ್ಲ, ಇಂಥ ಮೊಂಡುಮೂತಿಯ ನಾಯಿಗಳನ್ನು ಏಪ್ರಿಲ್ ಮಧ್ಯಾಹ್ನ ಹೊರಗೆ ಒಯ್ಯುವುದೇ ತಪ್ಪು.

ಈ ಸ್ಥಿತಿಗೆ ಮೊದಲ ಮದ್ದು ಅಡ್ರಿನಾಲಿನ್, ಆಮೇಲೆ ಸಲೈನ್ ಮತ್ತು ಆಮ್ಲಜನಕ. ಅಲರ್ಜಿ ತಗ್ಗಿಸುವ ಅವಿಲ್ ಇಂಜೆಕ್ಷನ್, ಸ್ಟೆರಾಯ್ಡ್ ಎರಡೂ ನಂತರದ ಮಾತು. ಪ್ರಮಾಣ ಕೆ.ಜಿ.ಗೆ 0.01 ಮಿ.ಗ್ರಾಂ., ಮಾಂಸಖಂಡಕ್ಕೆ. ಅಂಗಡಿಯಲ್ಲಿ ಸಿಗುವ ಆಂಪ್ಯೂಲ್‌ನಲ್ಲಿ 1 ಮಿ.ಲೀ.ಗೆ 1 ಮಿ.ಗ್ರಾಂ. ಇರುತ್ತದೆ, ಅಂದರೆ ಪಿಂಕಿಗೆ ಬೇಕಾದದ್ದು 0.014 ಮಿ.ಲೀ. ಮಾಮೂಲಿ ಸಿರಿಂಜಿನಲ್ಲಿ ಅದನ್ನು ಅಳೆಯಲು ಸಾಧ್ಯವೇ ಇಲ್ಲ, ಕಣ್ಣಂದಾಜಿಗೆ ಎಳೆದರೆ ಹತ್ತು ಪಟ್ಟು ಹೋಗಿಬಿಡಬಹುದು. ಸಲೈನಿನಲ್ಲಿ ಹತ್ತು ಪಟ್ಟು ತೆಳು ಮಾಡಿ 0.14 ಮಿ.ಲೀ. ಕೊಡುತ್ತಾರೆ. ಇದನ್ನು ನೀವು ಮನೆಯಲ್ಲಿ ಮಾಡಿ ಎಂದು ಬರೆಯುತ್ತಿಲ್ಲ. ಮರಿಯ ತೂಕ ಗ್ರಾಂ ಲೆಕ್ಕದಲ್ಲಿ ಕಾರ್ಡಿನ ಮೇಲೆ ಬರೆದಿದ್ದರೆ ಆ ಗಡಿಬಿಡಿಯಲ್ಲಿ ವೈದ್ಯರಿಗೆ ಲೆಕ್ಕ ಸುಲಭ, ಅದಕ್ಕಾಗಿ ಹೇಳಿದೆ. ಲಸಿಕೆ ಶಿಬಿರಗಳಿಗೆ ಹೋಗುವಾಗಲೂ ಅಡ್ರಿನಾಲಿನ್ ಇದೆಯೇ ಎಂದು ವಿಚಾರಿಸಿ. ಉಚಿತ ರೇಬೀಸ್ ಶಿಬಿರ ಒಳ್ಳೆಯದೇ, ಆದರೆ ಹಿಂದೆ ಅಲರ್ಜಿಯಾದ ನಾಯಿಗೆ ಅದು ಸರಿಯಾದ ಜಾಗವಲ್ಲ.

ಮನೆಗೆ ಬಂದ ಮೇಲೆ ಏನು ಸಹಜ, ಏನಲ್ಲ? ಒಂದೆರಡು ದಿನ ಮಂಕಾಗಿರುವುದು, ಸೂಜಿ ಹಾಕಿದ ಕಡೆ ಮುಟ್ಟಿದರೆ ಕುಂಯ್‌ಗುಡುವುದು, ಸ್ವಲ್ಪ ಮೈಬಿಸಿ ಸಹಜ. 48 ಗಂಟೆ ದಾಟಿಯೂ ಊಟ ಮುಟ್ಟದಿದ್ದರೆ ತೋರಿಸಿ, ಪಿಂಕಿಯಷ್ಟು ಸಣ್ಣ ಮರಿಯಾದರೆ ಎರಡು ಊಟ ಬಿಟ್ಟ ಕೂಡಲೇ ತೋರಿಸಿ. ಮುಖ, ಕಣ್ಣರೆಪ್ಪೆ, ತುಟಿ ಬಾತು ಗಂಧೆ ಏಳುವುದು ಹೆಚ್ಚಾಗಿ ಆರೇಳು ಗಂಟೆಯೊಳಗೆ. ಅದು ಕಂಡರೆ ಕಾಯದೆ ಹೊರಡಿ. ಮನೆಯಲ್ಲಿರುವ ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆ ಯಾವುದನ್ನೂ ಮುರಿದು ಕೊಡಬೇಡಿ. ಐಬುಪ್ರೊಫೆನ್ ಸಣ್ಣ ನಾಯಿಯ ಹೊಟ್ಟೆ ಮತ್ತು ಮೂತ್ರಪಿಂಡವನ್ನೇ ಹಾಳುಮಾಡುತ್ತದೆ. ಚರ್ಮದಡಿಯ ಕಡಲೆಕಾಳಿನಷ್ಟು ಗಟ್ಟಿ ಕೆಲವು ವಾರದಲ್ಲಿ ಕರಗುತ್ತದೆ, ತಿಂಗಳಾದ ಮೇಲೂ ಬೆಳೆಯುತ್ತಿದ್ದರೆ ತೋರಿಸಬೇಕು. ರೇಬೀಸ್ ಹಾಕಿದ ಜಾಗದಲ್ಲಿ ಒಂದರಿಂದ ಮೂರು ತಿಂಗಳ ಮೇಲೆ ಕೂದಲು ಉದುರಿ ನಾಣ್ಯದಗಲ ಬೋಳಾಗುವುದು ಪೂಡಲ್, ಮಾಲ್ಟೀಸ್, ಶಿಟ್ಜುಗಳಂಥ ಸಣ್ಣ ತಳಿಗಳ ವಿಶೇಷ. ಚರ್ಮದ ರಕ್ತನಾಳಗಳ ಉರಿಯೂತ ಅದು. ಹುಳುಕಡ್ಡಿ ಎಂದುಕೊಂಡು ಮುಲಾಮು ಹಚ್ಚುತ್ತ ಕೂರಬೇಡಿ, ರೇಬೀಸ್ ಹಾಕಿಸಿದ ತಾರೀಖು ವೈದ್ಯರಿಗೆ ತಿಳಿಸಿ. ಲಸಿಕೆಯಾದ ವಾರಗಳ ನಂತರ ಒಸಡು ಬಿಳುಚಿ, ಮೂತ್ರ ಕಂದಾದರೆ ಅಪರೂಪಕ್ಕೆ ಲಸಿಕೆಯ ಪರಿಣಾಮವಾಗಿ ರಕ್ತಕಣ ಒಡೆಯುತ್ತಿರಬಹುದು, ಆದರೆ ನಮ್ಮೂರಲ್ಲಿ ಅದಕ್ಕೆ ಹೆಚ್ಚಿನ ಸಲ ಕಾರಣ ಉಣ್ಣೆಜ್ವರ ತರುವ ಬೆಬೀಸಿಯಾ ಎಂಬ ರಕ್ತದ ಪರಾವಲಂಬಿ. ರಕ್ತದ ಲೇಪ ಪರೀಕ್ಷೆ ಮೊದಲು.

ಇನ್ನು ಬ್ರೂನೋ. ಅವನಿಗೆ ಕಳೆದ ವರ್ಷ ಆದದ್ದು ಅಲರ್ಜಿಯೇ, ಅನುಮಾನವಿಲ್ಲ. ಅಂದು ಮೈಗೆ ಹೋದದ್ದು ಎರಡು ಸೀಸೆಗಳ ಲಸಿಕೆಯಾದ್ದರಿಂದ ಯಾವುದು ಕಾರಣ ಎಂದು ಈಗ ಹೇಳಲಾಗದು. ಈ ವರ್ಷ ಅದನ್ನು ಪತ್ತೆಮಾಡಿಕೊಳ್ಳುವ ಹಾಗೆ ಹಾಕಿಸಬೇಕು. ಕಾರ್ಡಿನ ಸ್ಟಿಕ್ಕರ್‌ಗಳ ಫೋಟೋ ತೆಗೆದು ವೈದ್ಯರಿಗೆ ಮೊದಲೇ ಕಳಿಸಿ. ಮರಿಯಾಗಿದ್ದಾಗಿನ ಕೋರ್ಸ್ ಮತ್ತು ಆಮೇಲಿನ ಬೂಸ್ಟರ್‌ಗಳು ಸರಿಯಾಗಿ ಆಗಿದ್ದರೆ ಡಿಎಚ್‌ಪಿಪಿಐ ಈ ವರ್ಷ ಅವನಿಗೆ ಬೇಕಾಗಿಲ್ಲ. ಅನುಮಾನವಿದ್ದರೆ ರಕ್ತದಲ್ಲಿ ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್ ಪ್ರತಿಕಾಯಗಳ ಟೈಟರ್, ಅಂದರೆ ಅವು ಎಷ್ಟಿವೆ ಎಂಬ ಪ್ರಮಾಣ, ನೋಡಬಹುದು. ಇಲಿಜ್ವರಕ್ಕೆ ಈ ಟೈಟರ್ ಉಪಯೋಗವಿಲ್ಲ, ಪ್ರತಿಕಾಯ ಇಳಿದಿದ್ದರೂ ರಕ್ಷಣೆ ಇರಬಹುದು, ಇಲ್ಲದೆಯೂ ಇರಬಹುದು.

ಏಪ್ರಿಲ್ ಕೊನೆಯಲ್ಲಿ ಇಲಿಜ್ವರದ್ದು ಒಂದೇ, ನಾಲ್ಕು ವಾರ ಬಿಟ್ಟು ಮೇ ಕೊನೆಯಲ್ಲಿ ರೇಬೀಸ್ ಒಂದೇ. ಹೋದ ಜೂನ್‌ನಿಂದ ವರ್ಷ ತುಂಬುವ ಮೊದಲೇ ಎರಡೂ ಮುಗಿಯುತ್ತವೆ. ಇಲಿಜ್ವರದ್ದು ವರ್ಷ ದಾಟಿ ಬಹಳ ತಡವಾಗಿದ್ದರೆ ಮತ್ತೆ ಎರಡು ಡೋಸಿನಿಂದ ಶುರು ಮಾಡಬೇಕಾಗುತ್ತಿತ್ತು. ಸಾಧ್ಯವಾದರೆ ಹಿಂದಿನದಲ್ಲದ ಬೇರೆ ಕಂಪನಿಯದ್ದು ಹಾಕಿಸಿ, ಆದರೆ ಒಳಗಿನ ತಳಿಗಳು ಹೊಂದುತ್ತವೆಯೇ ನೋಡಿ. ಹೋದ ಸಲ ನಾಲ್ಕು ತಳಿಯದ್ದು ಹಾಕಿ ಈ ಸಲ ಎರಡರದ್ದು ಹಾಕಿದರೆ ಉಳಿದೆರಡಕ್ಕೆ ಬೂಸ್ಟರ್ ಸಿಗಲಿಲ್ಲ ಎಂದಾಯಿತು. ಇಲಿಜ್ವರದ ಲಸಿಕೆಗೆ ಸಣ್ಣ ನಾಯಿಗಳಲ್ಲಿ ಮೊದಲಿನಿಂದಲೂ ಕೆಟ್ಟ ಹೆಸರಿದೆ, ಹಾಗಾಗಿ ಎಷ್ಟೋ ಜನ ಅದನ್ನೇ ಕೈಬಿಡುತ್ತಾರೆ. ಗದ್ದೆ, ತೋಟದ ಊರಿನಲ್ಲಿ, ಇಲಿಯ ಬಿಲ ಕಂಡರೆ ಮೂತಿ ತೂರಿಸುವ ಡ್ಯಾಶ್‌ಹಂಡ್‌ಗೆ ಅದನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಹಾಕಿಸುವ ಇಪ್ಪತ್ತು-ಮೂವತ್ತು ನಿಮಿಷ ಮೊದಲು ವೈದ್ಯರೇ ಅಲರ್ಜಿ ತಡೆಯುವ ಇಂಜೆಕ್ಷನ್ ಕೊಡಬಹುದು. ಮುಖ ಬಾತುಕೊಳ್ಳುವುದನ್ನು ಅದು ತಗ್ಗಿಸುತ್ತದೆ, ಆದರೆ ತೀವ್ರ ಅಲರ್ಜಿಯನ್ನು ಖಂಡಿತ ತಡೆಯುತ್ತದೆ ಎಂಬ ಭರವಸೆ ಇಲ್ಲ. ಹಾಗಾಗಿ ಅವನ ಮುಂಗಾಲಿಗೆ ಮೊದಲೇ ಕ್ಯಾನುಲಾ (ರಕ್ತನಾಳಕ್ಕೆ ಔಷಧಿ ಬಿಡುವ ಸಣ್ಣ ಕೊಳವೆ) ಹಾಕಿಸಿಡಿ. ರಕ್ತದೊತ್ತಡ ಕುಸಿದ ಮೇಲೆ ಡ್ಯಾಶ್‌ಹಂಡ್‌ನ ಗಿಡ್ಡ ಸೊಟ್ಟ ಕಾಲಿನಲ್ಲಿ ರಕ್ತನಾಳ ಹುಡುಕುವುದು ಅನುಭವಿಗಳಿಗೂ ಕಷ್ಟ. ಅರ್ಧ ಗಂಟೆಯ ಬದಲು ಎರಡು ಗಂಟೆ ಅಲ್ಲೇ ಇರಿ, ಹೋದ ಸಲ ಅವನಿಗೆ ಶುರುವಾದದ್ದು ಎರಡು ಗಂಟೆಯೊಳಗೆ ಅಲ್ಲವೇ. ಮತ್ತೆ ಮುಖ ಬಾತರೆ ಯಾವ ಲಸಿಕೆ ಎಂದು ಗೊತ್ತಾಗುತ್ತದೆ, ಮುಂದಿನ ವರ್ಷ ಅದೊಂದರ ಬಗ್ಗೆ ಯೋಚಿಸಿದರಾಯಿತು. ಕುಸಿದು ಬಿದ್ದು ಸಲೈನ್ ಹಿಡಿಸುವ ಹಂತಕ್ಕೆ ಹೋದರೆ ಆ ಲಸಿಕೆಯನ್ನು ಅವನಿಗೆ ಮತ್ತೆ ಹಾಕಬಾರದು, ಮತ್ತು ವೈದ್ಯರಿಂದ ಅದನ್ನು ಕಾರ್ಡಿನ ಮೊದಲ ಪುಟದಲ್ಲೇ ಕೆಂಪಕ್ಷರದಲ್ಲಿ ಬರೆಸಿಕೊಳ್ಳಿ. ಲಸಿಕೆಯ ಹೆಸರು, ಬ್ಯಾಚ್ ನಂಬರ್, ಎಷ್ಟು ನಿಮಿಷಕ್ಕೆ ಏನಾಯಿತು ಎಂಬ ವಿವರ ಕಂಪನಿಗೂ ತಿಳಿಸಲು ವೈದ್ಯರಿಗೆ ಹೇಳಿ.

ಎರಡು ನಾಯಿಗಳನ್ನೂ ಒಂದೇ ದಿನ ಕರೆದೊಯ್ದರೆ ರಿಕ್ಷಾ ಬಾಡಿಗೆ ಉಳಿಯುತ್ತದೆ ನಿಜ. ಆದರೂ ಬ್ರೂನೋನ ದಿನ ಪಿಂಕಿ ಮನೆಯಲ್ಲೇ ಇರಲಿ, ಅವನನ್ನು ನೋಡಿಕೊಳ್ಳಲು ನಿಮ್ಮ ಎರಡೂ ಕೈ ಬೇಕು.